ಉರಿಯೂತದ ಕಾಯಿಲೆಗಳು ಮತ್ತು ದಿಢೀರ್ ದೃಷ್ಟಿ ಬದಲಾವಣೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆ

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬಿದ್ದಾಗ, ಅಥವಾ ಸೋಂಕು ಇಳಿದ ಮೇಲೂ ತಣಿಯದೆ ಉಳಿದಾಗ ಉರಿಯೂತದ ಕಾಯಿಲೆಗಳು ಹುಟ್ಟುತ್ತವೆ. ಮೂಲ ಕಾಯಿಲೆ ಕೀಲಿನಲ್ಲಿರಬಹುದು, ಬೆನ್ನಿನಲ್ಲಿರಬಹುದು, ಕರುಳಿನಲ್ಲೋ ಚರ್ಮದಲ್ಲೋ ಇರಬಹುದು. ಅಂಥವರ ಕಣ್ಣು ಕೆಲವು ಗಂಟೆಗಳಿಂದ ಕೆಲವು ದಿನಗಳ ಒಳಗೆ ಕೆಟ್ಟುಹೋಗುವುದುಂಟು. ನೋಟ ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ, ಕಣ್ಣೆದುರು ನೊಣದಂತೆ ಕಪ್ಪು ಚುಕ್ಕೆಗಳು ತೇಲುತ್ತವೆ, ಕೆಲವೊಮ್ಮೆ ನೋವೇ ಇಲ್ಲದೆ ನಟ್ಟನಡುವಿನ ನೋಟ ಮಾಯವಾಗುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳಲ್ಲಿ ಈ ಸಮಸ್ಯೆ ಯಾವ ಯಾವ ರೂಪದಲ್ಲಿ ಎದುರಾಗಬಹುದು, ಅದಕ್ಕೆ ಇಲ್ಲಿನ ಕಸುಬು, ನೀರು, ಜ್ವರ ಮತ್ತು ಆಸ್ಪತ್ರೆಯ ದಾರಿ ಹೇಗೆ ಸಂಬಂಧಿಸಿವೆ ಎಂಬುದು ಈ ಲೇಖನದ ವಸ್ತು.

ಪೊರೆಯ ನೆರಳು

ಈ ಸೀಮೆಯಲ್ಲಿ ‘ಕಣ್ಣು ಮಂಜಾಗಿದೆ’ ಎಂದೊಡನೆ ಮನೆಯವರ ಬಾಯಲ್ಲಿ ಬರುವ ಮೊದಲ ಉತ್ತರ ‘ಪೊರೆ ಬಂದಿರಬೇಕು’. ಅದಕ್ಕೆ ಕಾರಣವಿದೆ. ಭಾರತ ಸರ್ಕಾರ 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗಿನಿಂದ ಹಳ್ಳಿಗಳ ಕಣ್ಣಿನ ಆರೈಕೆಯ ಬಹುಪಾಲು ಶ್ರಮ ಪೊರೆಯ ಶಸ್ತ್ರಚಿಕಿತ್ಸೆಗೇ ಸಂದಿದೆ. ಅದಕ್ಕೂ ಮೊದಲೇ ಊರೂರು ಸುತ್ತಿ ಶಿಬಿರ ನಡೆಸಿ, ‘ಕಣ್ಣು ಕೊಟ್ಟ ಅಣ್ಣ’ ಎಂದು ಹೆಸರಾಗಿ 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರ ಕೆಲಸವೂ ಪೊರೆಯದೇ. ಈ ಶಿಬಿರಗಳು ಲಕ್ಷಾಂತರ ಬಡವರಿಗೆ ನೋಟ ಮರಳಿಸಿದವು. ಜೊತೆಗೆ ಒಂದು ರೂಢಿಯನ್ನೂ ಬೆಳೆಸಿದವು: ಕಣ್ಣಿನ ಕಾಯಿಲೆ ಕಾಯುತ್ತದೆ, ಪೊರೆ ಬಲಿಯಲಿ, ತಂಬಾಕು ಬೆಳೆಯ ದುಡ್ಡು ಬರಲಿ, ಮುಂದಿನ ಶಿಬಿರಕ್ಕೆ ಹೋದರಾಯಿತು.

ಪೊರೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಆರು ತಿಂಗಳು ತಡವಾದರೂ ಶಸ್ತ್ರಚಿಕಿತ್ಸೆಯ ಫಲ ಸಾಮಾನ್ಯವಾಗಿ ಕೆಡುವುದಿಲ್ಲ. ಉರಿಯೂತ ಹಾಗಲ್ಲ. ಅದು ಕಣ್ಣಿನೊಳಗೆ ಅಂಟು ಹಾಕುತ್ತದೆ, ನರವನ್ನು ಸುಡುತ್ತದೆ. ಹಾಗೆ ಹೋದ ನೋಟವನ್ನು ಮುಂದೆ ಯಾವ ಶಸ್ತ್ರಚಿಕಿತ್ಸೆಯೂ ಪೂರ್ತಿ ತಂದುಕೊಡಲಾರದು. ಈ ನಾಲ್ಕು ತಾಲ್ಲೂಕುಗಳಲ್ಲಿ ಉರಿಯೂತದಿಂದ ದೃಷ್ಟಿ ಕಳೆದುಕೊಳ್ಳುವ ಅಪಾಯವನ್ನು ಹೆಚ್ಚಿಸುವುದು, ಈ ಲೇಖಕನ ಅಭಿಪ್ರಾಯದಲ್ಲಿ, ಔಷಧದ ಕೊರತೆಗಿಂತ ಪೊರೆಯ ಲೆಕ್ಕದಲ್ಲಿ ಕಾಯುವ ಈ ಅಭ್ಯಾಸ. ಎರಡನ್ನೂ ಬೇರ್ಪಡಿಸಲು ಒಂದು ಒರಟು ಅಳತೆಗೋಲು ಸಾಕು: ಯಾವ ದಿನದಿಂದ ಮಂಜಾಯಿತು ಎಂದು ರೋಗಿ ತಾರೀಖು ಹೇಳಬಲ್ಲನಾದರೆ ಅದು ಬರಿಯ ಪೊರೆ ಆಗಿರುವ ಸಾಧ್ಯತೆ ಕಡಿಮೆ.

ಕಣ್ಣಿನೊಳಗೆ ಆಗುವುದೇನು

ಕಣ್ಣುಗುಡ್ಡೆಯ ಹೊರಗೋಡೆಗೂ ಒಳಗಿನ ಅಕ್ಷಿಪಟಲಕ್ಕೂ ನಡುವೆ ರಕ್ತನಾಳಗಳಿಂದ ತುಂಬಿದ ಒಂದು ಪದರವಿದೆ. ಮುಂದೆ ಪಾಪೆಯ ಸುತ್ತಲಿನ ಬಣ್ಣದ ಉಂಗುರವಾಗಿ ಕಾಣುವುದು ಅದರದೇ ಭಾಗ. ಈ ಪದರದ ಉರಿಯೂತವೇ ಯೂವಿಯೈಟಿಸ್. ಮುಂಭಾಗ ಉರಿದರೆ ಕಪ್ಪುಗುಡ್ಡೆಯ ಅಂಚಿನಲ್ಲಿ ಉಂಗುರದಂತೆ ಕೆಂಪು, ಆಳವಾದ ನೋವು, ಬೆಳಕಿಗೆ ಅಸಹನೆ. ಪಾಪೆ ಕಿರಿದಾಗಿ ಹಿಂದಿನ ಮಸೂರಕ್ಕೆ ಅಂಟಿಕೊಂಡು ಸೊಟ್ಟಗಾಗುವುದೂ ಉಂಟು. ಉಲ್ಬಣಿಸಿದರೆ ಕಪ್ಪುಗುಡ್ಡೆಯ ಹಿಂದೆ, ತಳಭಾಗದಲ್ಲಿ ಕೀವಿನಂಥ ಬಿಳಿ ಗಸಿ ನಿಲ್ಲುತ್ತದೆ. ನಡುಭಾಗದ ಉರಿಯೂತದಲ್ಲಿ ನೋವು ಕಡಿಮೆ. ತೇಲುವ ಚುಕ್ಕೆಗಳೇ ಮುಖ್ಯ ದೂರು. ಹಿಂಭಾಗದ್ದು ಅತ್ಯಂತ ಮೋಸದ್ದು: ಕಣ್ಣು ನೋಡಲು ಬೆಳ್ಳಗೆ ಸರಿಯಾಗಿಯೇ ಇರುತ್ತದೆ, ನೋಟ ಮಾತ್ರ ಹೋಗಿರುತ್ತದೆ.

ಮದ್ರಾಸ್ ಐ ಎಂದು ಎಲ್ಲರೂ ಕರೆಯುವ ಕೆಂಗಣ್ಣು ಬೇರೆಯೇ ಕಾಯಿಲೆ. ಅದರಲ್ಲಿ ಪಿಸುರು ಕಟ್ಟುತ್ತದೆ, ರೆಪ್ಪೆ ಅಂಟುತ್ತದೆ, ಮನೆಯ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ನೋಟ ಬಹುಮಟ್ಟಿಗೆ ಸರಿಯಿರುತ್ತದೆ. ಪಿಸುರಿಲ್ಲದೆ ಒಂದೇ ಕಣ್ಣು ಕೆಂಪಾಗಿ, ಒಳಗೆ ನೋವಿದ್ದು, ಜೊತೆಗೆ ನೋಟವೂ ಮಬ್ಬಾದರೆ ಅದನ್ನು ಕೆಂಗಣ್ಣು ಎಂದು ತಳ್ಳಿಹಾಕಬಾರದು.

ಇನ್ನೊಂದು ತೊಡಕು: ಎರಡು ಕಣ್ಣೂ ತೆರೆದಿರುವಾಗ ಸರಿಯಿರುವ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಉರಿಯೂತದ ಕಾಯಿಲೆ ಇರುವವರು ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ, ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತು, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿ ನೋಡಿಕೊಳ್ಳುವುದು ಖರ್ಚಿಲ್ಲದ ಪರೀಕ್ಷೆ.

ಕೀಲು, ಬೆನ್ನು, ಕಣ್ಣು

‘ವಾಯು’ ಎಂಬ ಒಂದೇ ಹೆಸರಿನಡಿ ಹಳ್ಳಿಯಲ್ಲಿ ಹಲವು ಕಾಯಿಲೆಗಳು ಸೇರಿಹೋಗಿವೆ. ಅವು ಕಣ್ಣನ್ನು ಕಾಡುವ ಬಗೆಯೂ ಬೇರೆ ಬೇರೆ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದುಕೊಂಡು, ಓಡಾಡಿದಂತೆ ಸಡಿಲವಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹೆಚ್ಚಾಗಿ 40ಕ್ಕೂ ಮೊದಲು ಆರಂಭವಾಗುತ್ತದೆ. ಇದಕ್ಕೂ ಎಚ್‌ಎಲ್‌ಎ–ಬಿ27 ಎಂಬ ಅನುವಂಶಿಕ ಗುರುತಿಗೂ ಇರುವ ನಂಟು 1973ರಲ್ಲಿ ಬೆಳಕಿಗೆ ಬಂತು. ಇಂಥ ರೋಗಿಗಳಲ್ಲಿ ನಾಲ್ವರಿಗೊಬ್ಬರಾದರೂ ಒಂದಲ್ಲ ಒಂದು ದಿನ ಮುಂಭಾಗದ ಯೂವಿಯೈಟಿಸ್ ಅನುಭವಿಸುತ್ತಾರೆ. ಅದು ಹಠಾತ್ತನೆ, ಒಂದು ಕಣ್ಣಿಗೆ ಬರುತ್ತದೆ; ವಾಸಿಯಾದ ಮೇಲೆ ಇನ್ನೊಂದು ಸಲ ಮತ್ತೊಂದು ಕಣ್ಣಿಗೆ ಬಂದೀತು. ತಂಬಾಕಿನ ಹೊರೆ ಹೊತ್ತು ಸೊಂಟ ಹಿಡಿಯಿತು ಎಂದುಕೊಂಡ ಯುವಕನಿಗೆ ನಿಜವಾದ ಕಾಯಿಲೆಯ ಹೆಸರು ಕಣ್ಣಿನ ವೈದ್ಯರಿಂದಲೇ ಮೊದಲು ತಿಳಿಯುವುದು ಅಪರೂಪವೇನಲ್ಲ.

ಕೈಬೆರಳಿನ ಸಣ್ಣ ಕೀಲುಗಳು ಊದುವ ರುಮಟಾಯ್ಡ್ ಸಂಧಿವಾತದ ದಾರಿ ಬೇರೆ. ಅಲ್ಲಿ ಕಣ್ಣು ಒಣಗಿ ಮರಳು ಬಿದ್ದಂತಾಗುವುದು ಸಾಮಾನ್ಯ. ಬಿಳಿಗುಡ್ಡೆಯೇ ಉರಿದು ನಿದ್ದೆಗೆಡಿಸುವಂಥ ನೋವು ಬಂದರೆ, ಅಥವಾ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಅಂಚು ಕರಗತೊಡಗಿದರೆ, ಅದು ಕಣ್ಣಿಗಷ್ಟೇ ಅಲ್ಲ, ಇಡೀ ದೇಹದ ರಕ್ತನಾಳಗಳಿಗೂ ಕಾಯಿಲೆ ಹಬ್ಬಿರುವ ಸೂಚನೆ. ಲೂಪಸ್, ಬೆಹ್ಚೆಟ್, ಸಾರ್ಕಾಯ್ಡೋಸಿಸ್, ಕರುಳಿನ ಉರಿಯೂತ ಇವೂ ಕಣ್ಣಿಗೆ ಬರಬಲ್ಲವು. ನಮ್ಮಂಥ ಕಂದು ಮೈಬಣ್ಣದ ಜನರಲ್ಲಿ ಹೆಚ್ಚಾಗಿ ಕಾಣುವ ವೋಗ್ಟ್–ಕೊಯನಾಗಿ–ಹರಾಡ ಕಾಯಿಲೆಯಲ್ಲಿ ತಲೆನೋವು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂದು, ಎರಡೂ ಕಣ್ಣುಗಳ ಅಕ್ಷಿಪಟಲದಡಿ ನೀರು ತುಂಬಿ ನೋಟ ಕುಸಿಯುತ್ತದೆ. ತಿಂಗಳುಗಳ ಬಳಿಕ ರೆಪ್ಪೆಕೂದಲು ನರೆತು, ಮೈಮೇಲೆ ತೊನ್ನಿನಂಥ ಬಿಳಿ ಮಚ್ಚೆ ಮೂಡಿದಾಗ ಕಾಯಿಲೆ ಇನ್ನಷ್ಟು ಖಚಿತವಾಗುತ್ತದೆ. ಅಲ್ಲಿಯವರೆಗೆ ಕಾಯುವಂತಿಲ್ಲ.

ಮಕ್ಕಳ ವಿಷಯ ಪ್ರತ್ಯೇಕ. ಮಂಡಿ ಊದಿಕೊಂಡು ಕುಂಟುವ ಪುಟ್ಟ ಹುಡುಗಿಗೆ ಮಕ್ಕಳ ಸಂಧಿವಾತ ಇದ್ದರೆ, ಕಣ್ಣಿನ ಉರಿಯೂತ ಸದ್ದಿಲ್ಲದೆ ಬರಬಹುದು. ಕೆಂಪಿಲ್ಲ, ನೋವಿಲ್ಲ; ಮಗು ದೂರುವುದೂ ಇಲ್ಲ. ಶಾಲೆಯಲ್ಲಿ ಕಪ್ಪುಹಲಗೆ ಕಾಣುತ್ತಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಕಾರ್ನಿಯಾದ ಮೇಲೆ ಸುಣ್ಣದ ಪಟ್ಟಿ ಕಟ್ಟಿ, ಪೊರೆಯೂ ಕೂಡಿರುತ್ತದೆ. ಹಾಗಾಗಿ ಇಂಥ ಮಕ್ಕಳನ್ನು ಲಕ್ಷಣ ಇರಲಿ ಇಲ್ಲದಿರಲಿ, ಆರಂಭದ ವರ್ಷಗಳಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ (ಕಣ್ಣನ್ನು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕ) ಪರೀಕ್ಷೆಗೆ ಒಯ್ಯಬೇಕೆಂಬ ನಿಯಮವಿದೆ. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಇದು ಕಾಣುವುದಿಲ್ಲ.

ಜ್ವರ ಬಿಟ್ಟ ಮೇಲೆ

ಈ ಸೀಮೆಗೆ ಸಂಬಂಧಿಸಿದಂತೆ ಹೆಚ್ಚು ಹೇಳಬೇಕಾದದ್ದು ಇಲ್ಲಿದೆ. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಯೂವಿಯೈಟಿಸ್ ಎಂದರೆ ಮುಖ್ಯವಾಗಿ ಸ್ವಯಂನಿರೋಧಕ ಕಾಯಿಲೆ. ನಮ್ಮಲ್ಲಿ ಜ್ವರದ ಬೆನ್ನಿಗೆ ಬರುವ ಉರಿಯೂತಕ್ಕೂ ದೊಡ್ಡ ಪಾಲಿದೆ.

2006ರಲ್ಲಿ ಚಿಕೂನ್‌ಗುನ್ಯಾ ದೇಶವನ್ನು ಆವರಿಸಿದಾಗ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಜ್ವರ ವಾರದೊಳಗೆ ಇಳಿದರೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಅದೇ ವೇಳೆ ಕೆಲವರು ಕಣ್ಣಿನ ದೂರು ಹೊತ್ತು ಆಸ್ಪತ್ರೆಗೆ ಬಂದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಸಂಗಡಿಗರು ಚಿಕೂನ್‌ಗುನ್ಯಾಕ್ಕೆ ಸಂಬಂಧಿಸಿದ ಕಣ್ಣಿನ ಬದಲಾವಣೆಗಳನ್ನು 2008ರಲ್ಲಿ ವೈದ್ಯಕೀಯ ಜಗತ್ತಿನ ಮುಂದಿಟ್ಟರು. ಮುಂಭಾಗದ ಯೂವಿಯೈಟಿಸ್ ಮತ್ತು ಅಕ್ಷಿಪಟಲದ ಉರಿಯೂತ ಅವುಗಳಲ್ಲಿ ಮುಖ್ಯ. ಡೆಂಗಿ, ಟೈಫಾಯ್ಡ್, ಉಣ್ಣೆ ಮತ್ತು ನುಸಿಗಳಿಂದ ಹರಡುವ ರಿಕೆಟ್ಸಿಯಾ ಜ್ವರಗಳ ನಂತರವೂ ಇಂಥದ್ದು ಆಗುತ್ತದೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯ ವೈದ್ಯರು ಇಂಥ ರೋಗಿಗಳ ಅನುಭವವನ್ನು ‘ಜ್ವರೋತ್ತರ ಅಕ್ಷಿಪಟಲ ಉರಿಯೂತ’ ಎಂಬ ಒಂದೇ ತಲೆಬರಹದಡಿ ದಾಖಲಿಸಿದ್ದಾರೆ.

ಇದರ ನಡೆ ಹೆಚ್ಚುಕಡಿಮೆ ಒಂದೇ ತೆರ. ಜ್ವರ ಬಿಟ್ಟು ಎರಡರಿಂದ ನಾಲ್ಕು ವಾರ. ಮನುಷ್ಯ ಹೊಲಕ್ಕೆ ಮರಳಿದ್ದಾನೆ. ಒಂದು ಬೆಳಿಗ್ಗೆ ಎದುರಿನವರ ಮುಖದ ನಡುಭಾಗ ಕಾಣುತ್ತಿಲ್ಲ. ಜ್ವರ ಮುಗಿದ ಕಥೆ ಎಂದುಕೊಂಡಿರುವುದರಿಂದ ರೋಗಿ ಅದನ್ನು ಹೇಳುವುದಿಲ್ಲ, ಕಣ್ಣು ನೋಡುವವರು ಕೇಳದೇ ಹೋದರೆ ಕೊಂಡಿಯೇ ತಪ್ಪುತ್ತದೆ. ನಾಗರಹೊಳೆ ಕಾಡಂಚಿನ ಎಚ್.ಡಿ. ಕೋಟೆ, ಹುಣಸೂರುಗಳ ಬುಡಕಟ್ಟು ಹಾಡಿಗಳಲ್ಲಿ, ದನ ಮೇಯಿಸುವವರಲ್ಲಿ, ಉಣ್ಣೆ ಕಚ್ಚಿದ್ದನ್ನು ಯಾರೂ ಸುದ್ದಿ ಎಂದು ಎಣಿಸುವುದಿಲ್ಲ. ವೈದ್ಯರೇ ಬಿಡಿಸಿ ಕೇಳಬೇಕು.

ಇಲಿಜ್ವರದ ಕಥೆ ಇನ್ನೂ ಸ್ವಾರಸ್ಯದ್ದು. 1993ರ ಭಾರೀ ನೆರೆಯ ನಂತರ, 1994ರಲ್ಲಿ, ಮಧುರೈನ ಅರವಿಂದ ಕಣ್ಣಾಸ್ಪತ್ರೆಗೆ ಯೂವಿಯೈಟಿಸ್ ರೋಗಿಗಳು ಎಂದಿಗಿಂತ ಹೆಚ್ಚಾಗಿ ಬರತೊಡಗಿದರು. ಕಾರಣ ಇಲಿಜ್ವರದ ಸೂಕ್ಷ್ಮಾಣುವಾದ ಲೆಪ್ಟೊಸ್ಪೈರಾ ಎಂದು ಎಸ್.ಆರ್. ರತಿನಂ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಲ್ಲಿ ನಿಂತವರ ಬಿರುಕುಬಿಟ್ಟ ಹಿಮ್ಮಡಿಯ ಮೂಲಕ ಈ ಸೂಕ್ಷ್ಮಾಣು ಒಳಹೊಕ್ಕು, ಜ್ವರ ಇಳಿದ ಎಷ್ಟೋ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಕಣ್ಣಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಮಸೂರವೂ ಬೇಗ ಬೆಳ್ಳಗಾಗಬಹುದು. ಅಂದರೆ ದುಡಿಯುವ ವಯಸ್ಸಿನ ರೈತನ ಒಂದು ಕಣ್ಣಿಗೆ ಬೇಗನೆ ಬಂದ ‘ಪೊರೆ’ಯ ಹಿಂದೆ ಇಲಿಜ್ವರ ಇದ್ದೀತು. ಕಾವೇರಿ ನಾಲೆಗಳಿಂದ ಭತ್ತ ಬೆಳೆಯುವ ಕೆ.ಆರ್. ನಗರ, 2019ರ ಆಗಸ್ಟಿನಲ್ಲಿ ಉಕ್ಕಿದ ಲಕ್ಷ್ಮಣತೀರ್ಥದ ದಡದ ಹುಣಸೂರು, ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳ ಎಚ್.ಡಿ. ಕೋಟೆ ಸೀಮೆ: ಇಂಥ ನೀರಿನ ನೆಲದಲ್ಲಿ ಈ ಸಾಧ್ಯತೆಯನ್ನು ಮರೆಯುವುದಕ್ಕೆ ನೆಪವಿಲ್ಲ. ಸಮಾಧಾನದ ಮಾತೆಂದರೆ, ಸಕಾಲಕ್ಕೆ ಚಿಕಿತ್ಸೆ ಸಿಕ್ಕ ಲೆಪ್ಟೊಸ್ಪೈರಾ ಯೂವಿಯೈಟಿಸಿನಲ್ಲಿ ನೋಟ ಬಹುತೇಕ ಮರಳುತ್ತದೆ.

ಕ್ಷಯ

ಭಾರತದಲ್ಲಿ ಯೂವಿಯೈಟಿಸಿಗೆ ಕಾರಣ ಹುಡುಕುವಾಗ ಕ್ಷಯವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶ್ವಾಸಕೋಶದಲ್ಲಿ ಕೆಮ್ಮು ಕಫ ಏನೂ ಇಲ್ಲದೆಯೂ ಅದು ಕಣ್ಣಿನ ಹಿಂಭಾಗದಲ್ಲಿ ನೆಲೆಸಬಲ್ಲದು. 1880ರಲ್ಲಿ ಹೆನ್ರಿ ಈಲ್ಸ್ ವಿವರಿಸಿದ, ಅವರ ಹೆಸರನ್ನೇ ಹೊತ್ತ ಕಾಯಿಲೆ ನಮ್ಮ ದೇಶದ ಯುವಕರಲ್ಲಿ ಹೆಚ್ಚು. ಅಕ್ಷಿಪಟಲದ ರಕ್ತನಾಳಗಳು ಉರಿದು, ಹೊಸ ದುರ್ಬಲ ನಾಳಗಳು ಹುಟ್ಟಿ, ಒಂದು ದಿನ ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಕ್ಷಯದ ಸೂಕ್ಷ್ಮಾಣುವಿಗೆ ತೋರುವ ಅತಿಸೂಕ್ಷ್ಮ ಪ್ರತಿಕ್ರಿಯೆಯೇ ಇದರ ಮೂಲವೆಂದು ಬಹುಕಾಲದಿಂದ ನಂಬಲಾಗಿದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1970ರ ದಶಕದಿಂದ ಟಿಬೆಟನ್ ನಿರಾಶ್ರಿತರ ನೆಲೆಗಳಿವೆ. ಭಾರತದ ಟಿಬೆಟನ್ ಸಮುದಾಯದಲ್ಲಿ ಕ್ಷಯದ ಪ್ರಮಾಣ ಹೆಚ್ಚೆಂಬುದು ದಾಖಲಾದ ಸಂಗತಿ. ಒಟ್ಟಿಗೆ ಓದಿ, ಉಂಡು, ಮಲಗುವ ಮಠ ಮತ್ತು ವಸತಿಶಾಲೆಗಳಲ್ಲಿ ಕಣ್ಣಿನ ದೂರನ್ನೂ ಕ್ಷಯದ ತಪಾಸಣೆಗೆ ಜೋಡಿಸುವುದು ವಿವೇಕ. ಇಲ್ಲೊಂದು ಅಪಾಯವಿದೆ: ಕ್ಷಯವಿರುವ ಕಣ್ಣಿಗೆ ಉರಿಯೂತ ತಣಿಸುವ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಮೊದಲು ಕಣ್ಣು ತಿಳಿಯಾಗಿ, ಆಮೇಲೆ ಕಾಯಿಲೆ ಇಮ್ಮಡಿಸುತ್ತದೆ. ಕ್ಷಯದ ಔಷಧದ ರಕ್ಷಣೆಯಲ್ಲೇ ಸ್ಟೀರಾಯ್ಡ್ ಕೊಡಬೇಕು.

ಉರಿಯೂತವಲ್ಲದ, ಆದರೆ ಅದರಂತೆಯೇ ಕಾಣುವ ಒಂದು ಕಾರಣವೂ ಇಲ್ಲಿ ನೆನಪಿಡತಕ್ಕದ್ದು. ಕಾಡಂಚಿನ ಬುಡಕಟ್ಟುಗಳಲ್ಲಿ ಕುಡುಗೋಲು ಕಣ ರಕ್ತಹೀನತೆ ಇದೆ. ಅದರಿಂದಲೂ ಅಕ್ಷಿಪಟಲದ ನಾಳಗಳು ಮುಚ್ಚಿ ಕಣ್ಣೊಳಗೆ ರಕ್ತಸ್ರಾವ ಆಗಬಲ್ಲದು.

ದೃಷ್ಟಿನರ

ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಒಗೆದ ಬಟ್ಟೆಯಂತೆ ಮಾಸಿ ಕಾಣುವುದು, ದಿನದಿಂದ ದಿನಕ್ಕೆ ಕತ್ತಲಾಗುವ ನೋಟ: ಇವು ದೃಷ್ಟಿನರದ ಉರಿಯೂತದ ಗುರುತು. ಮಿದುಳು, ಬೆನ್ನುಹುರಿಗಳನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇದಕ್ಕೆ ಒಂದು ಕಾರಣ. ಇನ್ನೊಂದು, ಹೆಚ್ಚು ಕ್ರೂರವಾದ ನ್ಯೂರೋಮೈಲೈಟಿಸ್ ಆಪ್ಟಿಕಾ. ಅದನ್ನು ಗುರುತಿಸುವ ಪ್ರತಿಕಾಯ 2004ರಲ್ಲಷ್ಟೇ ಪತ್ತೆಯಾಯಿತು. ಈ ಕಾಯಿಲೆಗಳು ಬಿಳಿಯರವು, ನಮ್ಮವರಿಗೆ ಬಾರವು ಎಂಬ ಹಳೆಯ ಎಣಿಕೆಯನ್ನು ಅಳಿಸಿದವರಲ್ಲಿ ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಲೇಖಾ ಪಂಡಿತ್ ಒಬ್ಬರು; ಅವರು ಕಟ್ಟಿದ ಮಂಗಳೂರಿನ ರೋಗಿ ನೋಂದಣಿ ಇಂದು ದೇಶದಾಚೆಗೂ ಉಲ್ಲೇಖಗೊಳ್ಳುತ್ತದೆ. ದೃಷ್ಟಿನರದ ಉರಿಯೂತಕ್ಕೆ ಸಾಧಾರಣ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಯನ್ನಷ್ಟೇ ನುಂಗಿಸಿದರೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು 1992ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿತು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಡುವ ಪದ್ಧತಿ ಆಗ ಬೇರೂರಿತು.

50 ದಾಟಿದವರಲ್ಲಿ ಹೊಸ ತಲೆನೋವು, ತಲೆ ಬಾಚಿದರೂ ಉರಿ, ಅಗಿಯುವಾಗ ದವಡೆ ಸೋಲುವುದು, ಜೊತೆಗೆ ಕ್ಷಣಕಾಲ ಕಣ್ಣು ಕತ್ತಲಾಗುವುದು ಕಂಡರೆ ಕಣತಲೆಯ ರಕ್ತನಾಳದ ಉರಿಯೂತವನ್ನು ಶಂಕಿಸಬೇಕು. ಭಾರತದಲ್ಲಿ ಇದು ವಿರಳ. ಬಂದಾಗ ಮಾತ್ರ, ಎರಡನೇ ಕಣ್ಣು ಕೆಲವೇ ದಿನಗಳಲ್ಲಿ ಹೋಗಬಹುದು. ಪರೀಕ್ಷೆಯ ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ.

ಮದ್ದಿನಿಂದಲೇ ಮಂಜು

ಉರಿಯೂತದ ರೋಗಿಯ ಕಣ್ಣು ಮಂಜಾದದ್ದೆಲ್ಲ ಉರಿಯೂತವೇ ಅಲ್ಲ. ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ 1948ರಲ್ಲಿ ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕೊಡಲ್ಪಟ್ಟು, ಎರಡೇ ವರ್ಷದಲ್ಲಿ ಅದರ ಶೋಧಕರಿಗೆ ನೊಬೆಲ್ ತಂದುಕೊಟ್ಟಿತು. ಆ ಕುಲದ ಔಷಧಗಳೇ ದೀರ್ಘಕಾಲ ಬಳಸಿದಾಗ ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟಿಸುತ್ತವೆ, ಕಣ್ಣಿನ ಒತ್ತಡ ಏರಿಸಿ ಗ್ಲಾಕೋಮಾ ತರುತ್ತವೆ. ಅವುಗಳಿಂದ ರಕ್ತದ ಸಕ್ಕರೆ ಏರಿದಾಗ ಮಸೂರ ಉಬ್ಬಿ, ಇದ್ದಕ್ಕಿದ್ದಂತೆ ಕನ್ನಡಕದ ನಂಬರು ಬದಲಾದಂತೆ ಆಗುವುದೂ ಉಂಟು. ಸಕ್ಕರೆ ಹತೋಟಿಗೆ ಬರುವ ಮೊದಲು ಹೊಸ ಕನ್ನಡಕಕ್ಕೆ ದುಡ್ಡು ಸುರಿಯಬೇಕಿಲ್ಲ. ಲೂಪಸ್ ಮತ್ತು ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 5 ಮಿಲಿಗ್ರಾಂ ಮೀರದಂತಿದ್ದರೆ ಬಹುಮಟ್ಟಿಗೆ ಸುರಕ್ಷಿತ. ಅದರ ಹಾನಿ ನಿಧಾನ. ಐದು ವರ್ಷದ ಬಳಿಕ ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಬೇಕು.

ಬ್ಯಾರನ್ನಿನ ಹೊಗೆ, ಭತ್ತದ ಹೊಟ್ಟು, ಅಂಗಡಿಯ ಡ್ರಾಪ್ಸ್

ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದ ನಡುವೆ ತಂಬಾಕು ಸೊಪ್ಪು ಹದಗೊಳಿಸುವ ಬ್ಯಾರನ್‌ಗಳು ಉರಿಯತೊಡಗುತ್ತವೆ. ಒಂದು ಬ್ಯಾರನ್ ತುಂಬಿದರೆ ದಿನಗಟ್ಟಲೆ, ಹಗಲೂ ರಾತ್ರಿ, ಸೌದೆ ಒಟ್ಟಿ ಉಷ್ಣ ಕಾಯಬೇಕು. ನಿದ್ದೆಗೆಟ್ಟ, ಹೊಗೆ ಕುಡಿದ ಕಣ್ಣು ಕೆಂಪಾಗುವುದು ಸಹಜ. ಆ ಸಹಜತೆಯೇ ಮುಸುಕಾಗುತ್ತದೆ: ನಿಜವಾದ ಯೂವಿಯೈಟಿಸ್ ಬಂದರೂ ‘ಬ್ಯಾರನ್ ಹೊಗೆ’ ಎಂದೇ ವಾರ ಕಳೆಯುತ್ತದೆ. ಹೊಗೆಯ ಕೆಂಪು ಎರಡೂ ಕಣ್ಣಿಗೆ ಬರುತ್ತದೆ, ನಿದ್ದೆ ಮಾಡಿದರೆ ಇಳಿಯುತ್ತದೆ, ನೋಟ ಕೆಡಿಸುವುದಿಲ್ಲ. ಇನ್ನು ಬೀಡಿ ಸಿಗರೇಟು ಸೇದುವವರಲ್ಲಿ ಯೂವಿಯೈಟಿಸಿನ ಅಪಾಯ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ.

ಕೊಯ್ಲಿನ ಕಾಲದಲ್ಲಿ ಕೆ.ಆರ್. ನಗರದ ಕಡೆ ಭತ್ತದ ಹೊಟ್ಟು, ಹುಲ್ಲಿನ ಗರಿ ಕಣ್ಣಿಗೆ ತಾಗಿ ಕಾರ್ನಿಯಾದಲ್ಲಿ ಹುಣ್ಣಾಗುವುದುಂಟು. ಬೂಷ್ಟು ಸೋಂಕೂ ಸೇರುತ್ತದೆ. ನೋಡಲು ಅದೂ ಕೆಂಪು ಕಣ್ಣೇ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಕೊಂಡ ಸ್ಟೀರಾಯ್ಡ್ ಡ್ರಾಪ್ಸ್ ಯೂವಿಯೈಟಿಸಿಗೆ ಮದ್ದು, ಈ ಹುಣ್ಣಿಗೆ ವಿಷ. ಹಿಂದೆ ಯಾರಿಗೋ ಬರೆದುಕೊಟ್ಟ ಬಾಟಲಿ ಮನೆಯ ಗೂಡಿನಲ್ಲಿ ಉಳಿದಿದ್ದು ಅದನ್ನೇ ಬಿಟ್ಟುಕೊಳ್ಳುವುದು ಇನ್ನೂ ಕೆಡುಕು. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು ಇವುಗಳನ್ನು ಹಿರಿಯರು ತಂಪಿಗೆಂದು ಬಿಡುತ್ತಾರೆ. ಅವರ ಪ್ರೀತಿಯನ್ನು ಹಳಿಯಬೇಕಿಲ್ಲ; ಆದರೆ ಅವು ಯಾವುವೂ ಕಣ್ಣಿನ ಒಳಪದರಕ್ಕೆ ತಲುಪಿ ಉರಿಯೂತ ಇಳಿಸಲಾರವು, ಹುಣ್ಣಿದ್ದರೆ ಹೊಸ ಸೋಂಕನ್ನೂ ತಂದಾವು.

ದಾರಿ ಮತ್ತು ಚಿಕಿತ್ಸೆ

ಸ್ಲಿಟ್ ಲ್ಯಾಂಪ್ ಮತ್ತು ಕಣ್ಣಿನ ತಜ್ಞರು ಇರುವ ಹತ್ತಿರದ ಜಾಗವೇ ಮೊದಲ ಗುರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಆ ದಿನ ಲಭ್ಯವಿದ್ದರೆ ಸರಿ. ಇಲ್ಲದಿದ್ದರೆ ನೇರ ಮೈಸೂರು. 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಸರಗೂರಿನಲ್ಲಿ ನಡೆಸುವ ಆಸ್ಪತ್ರೆ ಕಾಡಂಚಿನ ಜನರಿಗೆ ಹತ್ತಿರ. ಮೈಸೂರಿನಲ್ಲಿ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಗಳಿವೆ. ಹುಣಸೂರಿನಿಂದ ಬಸ್ಸಿನಲ್ಲಿ ಸುಮಾರು 45 ಕಿ.ಮೀ.; ಕಾಡಿನೊಳಗಿನ ಹಾಡಿಯಿಂದ ಹೊರಟವರಿಗೆ ಅದು ಒಂದು ದಿನದ ಕೂಲಿ ಬಿಟ್ಟ ಲೆಕ್ಕ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ರೂಪುಗೊಂಡವು. ಯೂವಿಯೈಟಿಸಿನ ಬಹುಪಾಲು ಚಿಕಿತ್ಸೆ ಹೊರರೋಗಿಯಾಗಿ, ತಿಂಗಳುಗಟ್ಟಲೆ, ಬಾಟಲಿ ಬಾಟಲಿಯಾಗಿ ನಡೆಯುವಂಥದ್ದು. ಪೊರೆಯ ಸುತ್ತ ಕಟ್ಟಿದ ವ್ಯವಸ್ಥೆಯ ಬಿರುಕು ಇಲ್ಲಿ ಮತ್ತೆ ಕಾಣುತ್ತದೆ: ಒಂದು ದಿನದ ಶಸ್ತ್ರಚಿಕಿತ್ಸೆ ಉಚಿತ, ಆರು ತಿಂಗಳ ಹನಿಮದ್ದು ಕೈಯಿಂದ.

ಮುಂಭಾಗದ ಉರಿಯೂತಕ್ಕೆ ಸ್ಟೀರಾಯ್ಡ್ ಡ್ರಾಪ್ಸನ್ನು ಆರಂಭದಲ್ಲಿ ಗಂಟೆಗೊಮ್ಮೆಯಂತೆ ಬಿಡಿಸಿ, ವಾರಗಳಲ್ಲಿ ಇಳಿಸುತ್ತಾರೆ. ಅಂಟು ಬಿಡಿಸಲು ಪಾಪೆ ಅಗಲಿಸುವ ಇನ್ನೊಂದು ಮದ್ದು ಸೇರುತ್ತದೆ. ಅದರಿಂದ ಕೆಲದಿನ ಓದು ಮಬ್ಬಾಗುತ್ತದೆ, ಹೆದರಬೇಕಿಲ್ಲ. ಕೆಂಪು ಇಳಿಯಿತೆಂದು ನಡುವೆ ನಿಲ್ಲಿಸಿದವರಿಗೆ ಕಾಯಿಲೆ ಮರಳುವುದು ಸಾಮಾನ್ಯ. ಪದೇ ಪದೇ ಬಂದರೆ, ಅಥವಾ ಹಿಂಭಾಗಕ್ಕೆ ಹಬ್ಬಿದರೆ, ಮೆಥೊಟ್ರೆಕ್ಸೇಟ್‌ನಂಥ ಔಷಧ ಬೇಕಾಗುತ್ತದೆ. ಅದು ವಾರಕ್ಕೊಮ್ಮೆ ನುಂಗುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ, ಗರ್ಭಿಣಿಯರಿಗೆ ನಿಷಿದ್ಧ. 2016ರಲ್ಲಿ ಸೋಂಕಿಲ್ಲದ ಯೂವಿಯೈಟಿಸಿಗೆ ಅಮೆರಿಕ, ಯುರೋಪುಗಳಲ್ಲಿ ಮಂಜೂರಾದ ಅಡಲಿಮುಮ್ಯಾಬ್ ಚುಚ್ಚುಮದ್ದಿನ ದೇಶೀ ರೂಪಗಳು ನಮ್ಮಲ್ಲಿ ದೊರೆಯುತ್ತವೆ. ಅದು ಅಡಗಿದ ಕ್ಷಯವನ್ನು ಎಬ್ಬಿಸಬಲ್ಲದ್ದರಿಂದ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದ ಔಷಧವಾದ್ದರಿಂದ ಕರೆಂಟು ಹೋಗಿಬರುವ ಊರಿನವರು ಅದನ್ನು ಆಸ್ಪತ್ರೆಯಲ್ಲೇ ಚುಚ್ಚಿಸಿಕೊಳ್ಳುವುದು ಅನುಕೂಲ.

ಮೈಸೂರಿಗೆ ಹೊರಡುವಾಗ ಜೊತೆಗೆ ಒಯ್ಯಬೇಕಾದವು ಹಳೆಯ ಚೀಟಿಗಳು, ಬಿಟ್ಟುಕೊಂಡ ಡ್ರಾಪ್ಸಿನ ಬಾಟಲಿ, ಕೀಲು ಬೆನ್ನಿನ ಎಕ್ಸ್‌ರೇ. ಕಳೆದ ಆರು ತಿಂಗಳಲ್ಲಿ ಬಂದ ಜ್ವರದ ತಿಂಗಳು, ಗದ್ದೆ ಅಥವಾ ಕಾಡಿನ ಕೆಲಸ, ಮನೆಯಲ್ಲಿ ಯಾರಿಗಾದರೂ ಇದ್ದ ಕ್ಷಯ, ಬಾಯಿಹುಣ್ಣು, ಮೈಮೇಲಿನ ಬಿಳಿ ಮಚ್ಚೆ ಇವುಗಳನ್ನು ವೈದ್ಯರು ಕೇಳದಿದ್ದರೂ ಹೇಳಬೇಕು.